ತಾರಸಿಯ ಬಿಸಿಲಿಗೆ ಮೂರು ಕೊಟೇಷನ್

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಬಸ್ಸಿನಲ್ಲಿ ಹೋಗುವಾಗ ಮನೆಗಳ ತಾರಸಿಗಳತ್ತ ಒಮ್ಮೆ ಕಣ್ಣು ಹಾಯಿಸಿ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಬಿಸಿನೀರಿನ ಸೋಲಾರ್ ಇರುವುದು ಹಳೆಯ ದೃಶ್ಯ. ಅದರ ಪಕ್ಕಕ್ಕೆ ಈಗ ಕಪ್ಪು ಫಲಕಗಳು ಬಂದು ಕೂರುತ್ತಿವೆ. ಇವು ನೀರು ಕಾಯಿಸುವುದಿಲ್ಲ, ವಿದ್ಯುತ್ತನ್ನು ಕೊಡುತ್ತವೆ. ಎರಡಕ್ಕೂ ನಮ್ಮ ಜನ ‘ಸೋಲಾರ್’ ಎಂದೇ ಕರೆಯುವುದರಿಂದ ಸ್ವಲ್ಪ ಗೊಂದಲವೂ ಇದೆ. ಬಿಸಿನೀರಿನ ಸೋಲಾರ್‌ಗೆ ಶಾಖ ಬೇಕು. ವಿದ್ಯುತ್ ಫಲಕಕ್ಕೆ ಬೆಳಕು ಬೇಕು, ಶಾಖವೆಂದರೆ ಅದಕ್ಕೆ ಆಗದು!

2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಮೇಲೆ ಸೌರಫಲಕ ಕೂರಿಸುವುದು ಅದರ ಗುರಿ. ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯ ಕಿಲೋವ್ಯಾಟ್‌ಗೆ 18,000 ರೂಪಾಯಿ, ಹೀಗೆ ಒಟ್ಟು 78,000 ರೂಪಾಯಿವರೆಗೆ ಸಹಾಯಧನ. ಅಲ್ಲಿಂದೀಚೆಗೆ ಊರೂರಿನಲ್ಲೂ ಸೋಲಾರ್ ಏಜೆಂಟರ ಓಡಾಟ ಹೆಚ್ಚಿದೆ. ಒಂದೇ ಮನೆಗೆ ಒಂದೇ ವಾರದಲ್ಲಿ ಮೂರು ಕೊಟೇಷನ್ ಬರುತ್ತವೆ, ಮೂರರಲ್ಲೂ ಮೂರು ಬೆಲೆ. ಲಕ್ಷಕ್ಕೆ ಮೀರಿದ ಹಣದ ಮಾತಾದ್ದರಿಂದ ಈ ಮೂರು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಲು ಕಲಿಯಬೇಕು. ಹೈಸ್ಕೂಲಿನ ಗಣಿತ ಮತ್ತು ಭೌತವಿಜ್ಞಾನ ಬಲ್ಲವರಿಗೆ ಇದು ಕಷ್ಟದ ಕೆಲಸವಲ್ಲ.

ಮೊದಲು ಕರೆಂಟ್ ಬಿಲ್ಲು

ಫಲಕದ ವಿಚಾರಕ್ಕೆ ಹೋಗುವ ಮುನ್ನ ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲುಗಳನ್ನು ಹುಡುಕಿ ತೆಗೆಯಬೇಕು. ಏಕೆಂದರೆ ಕರ್ನಾಟಕದಲ್ಲಿ 2023ರ ಜುಲೈನಿಂದ ಗೃಹಜ್ಯೋತಿ ಯೋಜನೆ ಇದೆ. ಸರಾಸರಿ ಬಳಕೆಯ ಮೇಲೆ ಮನೆಗೊಂದು ಮಿತಿ ಗೊತ್ತುಮಾಡಿ, 200 ಯೂನಿಟ್‌ಗಳ ಒಳಗೆ ಆ ಮಿತಿಯವರೆಗೆ ಉಚಿತ ವಿದ್ಯುತ್ ಕೊಡುವ ಯೋಜನೆ ಅದು. ತಿಂಗಳಿಗೆ 90-100 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುತ್ತಿರುವ ಮನೆಗೆ ಸೌರಫಲಕದಿಂದ ಉಳಿಯುವ ಹಣವೂ ಸೊನ್ನೆಯೇ. ಅಂತಹ ಮನೆಯವರು ಸಾಲ ಮಾಡಿ ಫಲಕ ಹಾಕಿಸಿದರೆ, ಇಲ್ಲದ ಬಿಲ್ಲನ್ನು ಉಳಿಸಲು ಇರುವ ಹಣಕ್ಕೆ ಬಡ್ಡಿ ಕಟ್ಟಿದಂತಾಗುತ್ತದೆ. ಬಾಗಿಲಿಗೆ ಬರುವ ಏಜೆಂಟರು ಈ ಮಾತನ್ನು ತಾವಾಗಿ ಹೇಳುವುದು ಅಪರೂಪ.

ಲೆಕ್ಕ ಬೇರೆಯಾಗುವುದು 200ರ ಗಡಿ ದಾಟಿದ ಮನೆಗಳಿಗೆ. ಆ ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಈ ಲೇಖನದ ಉದ್ದಕ್ಕೂ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ದೊಡ್ಡಬಳ್ಳಾಪುರದ ಹೊರವಲಯದಲ್ಲಿ ತಂದೆ, ತಾಯಿ, ಅಜ್ಜಿ, ಪಿಯುಸಿ ಓದುವ ಮಗಳು, ಹೈಸ್ಕೂಲಿನ ಮಗ. ಫ್ರಿಜ್ಜು, ಮಿಕ್ಸಿ, ಸಂಪಿನಿಂದ ನೀರೆತ್ತುವ ಮೋಟಾರು, ತಾಯಿಯ ಹೊಲಿಗೆ ಯಂತ್ರ, ಎಲ್ಲ ಸೇರಿ ತಿಂಗಳಿಗೆ ಸರಾಸರಿ 320 ಯೂನಿಟ್. ತೆರಿಗೆ ಮತ್ತಿತರ ಸೇರ್ಪಡೆಗಳೊಂದಿಗೆ ಯೂನಿಟ್ಟಿಗೆ ಆರೂವರೆ ರೂಪಾಯಿಯಂತೆ ಹಿಡಿದರೆ 2,080 ರೂಪಾಯಿ. ಇದರ ಮೇಲೆ ಮಂಜೂರಾದ ಲೋಡಿಗೆ ತಕ್ಕ ನಿಗದಿತ ಶುಲ್ಕ ಬೇರೆ. ಫಲಕ ಹಾಕಿಸಿದರೂ ಈ ನಿಗದಿತ ಶುಲ್ಕ ತಪ್ಪುವುದಿಲ್ಲ. ‘ಬಿಲ್ಲು ಸಂಪೂರ್ಣ ಸೊನ್ನೆ’ ಎಂದು ಕೊಟೇಷನ್ನಿನ ಮೇಲೆ ಅಚ್ಚಾಗಿದ್ದರೆ ಅದನ್ನು ಅಲಂಕಾರವೆಂದು ತಿಳಿಯುವುದು ಒಳ್ಳೆಯದು.

ನೆಂಟರಿಷ್ಟರ ಅನುಭವವನ್ನು ಕೇಳುವಾಗಲೂ ಇಸವಿ ಮುಖ್ಯ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ತಾರಸಿಯ ಸೌರ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ, ಸಹಾಯಧನ ಪಡೆದವರಿಗೆ 7 ರೂಪಾಯಿ 20 ಪೈಸೆ ಎಂದು ದರ ಗೊತ್ತುಮಾಡಿತ್ತು. ಆ ಕಾಲದಲ್ಲಿ ಬೆಸ್ಕಾಂ ಜೊತೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡವರಿಗೆ ತಾರಸಿಯೇ ಹೊಲವಾಯಿತು. 2016ರಲ್ಲಿ ಹೊಸಬರಿಗೆ ಆ ದರ ಇಳಿಯಿತು. ಇಂದು ಮನೆ ಬಳಕೆ ಕಳೆದು ಮಿಗುವ ಯೂನಿಟ್ಟಿಗೆ ಸಿಗುವುದು ನಾವು ಬೆಸ್ಕಾಂಗೆ ಕೊಡುವುದಕ್ಕಿಂತ ಕಡಿಮೆ ದರ. ಹಾಗಾಗಿ ‘ಹೆಚ್ಚು ಹಾಕಿಸಿ, ಮಾರಿ ಗಳಿಸಿ’ ಎಂಬುದು ಹಳೆಯ ಕಥೆ. ಮನೆಯ ಬಳಕೆಗೆ ತಕ್ಕಷ್ಟೇ ಹಾಕಿಸುವುದು ಇಂದಿನ ಲೆಕ್ಕ.

ಒಂದು ಕಿಲೋವ್ಯಾಟ್ ಎಂದರೆ ಎಷ್ಟು?

ಫಲಕದ ಮೇಲೆ 540 ವ್ಯಾಟ್ ಎಂದು ಬರೆದಿರುವುದು ಪ್ರಯೋಗಶಾಲೆಯ ಅಂಕ. ಚದರ ಮೀಟರಿಗೆ 1,000 ವ್ಯಾಟ್ ಬೆಳಕು ಬೀಳುತ್ತಿದ್ದು, ಸಿಲಿಕಾನ್ ಕೋಶದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸಿಗುವ ಶಕ್ತಿ ಅದು. ನಮ್ಮ ತಾರಸಿಯ ಮೇಲೆ ಏಪ್ರಿಲ್ ಮಧ್ಯಾಹ್ನ ಕೋಶದ ಉಷ್ಣತೆ 60 ಡಿಗ್ರಿ ಮುಟ್ಟುವುದು ಸಾಮಾನ್ಯ. ಆಗ ಏನಾಗುತ್ತದೆಂಬುದನ್ನು ಮುಂದೆ ನೋಡೋಣ. ಬೆಳಗು, ಸಂಜೆ, ಮೋಡ, ದೂಳು ಎಲ್ಲವನ್ನೂ ಕಳೆದು ವರ್ಷದ ಸರಾಸರಿ ತೆಗೆದರೆ ಈ ಭಾಗದಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮಾರ್ಚ್‌ನಲ್ಲಿ ಇದಕ್ಕಿಂತ ಹೆಚ್ಚು, ಜುಲೈ-ಆಗಸ್ಟ್‌ನ ಮೋಡದ ದಿನಗಳಲ್ಲಿ ಕಡಿಮೆ. ಕೊಟೇಷನ್ನಿನಲ್ಲಿ ದಿನಕ್ಕೆ 6 ಯೂನಿಟ್ ಎಂದು ಬರೆದಿದ್ದರೆ ಅದನ್ನು ಬರೆದವರು ಬೇಸಿಗೆಯ ಒಂದು ಒಳ್ಳೆಯ ದಿನವನ್ನು ಇಡೀ ವರ್ಷಕ್ಕೆ ಗುಣಿಸಿದ್ದಾರೆ.

ಈಗ ನಮ್ಮ ಕಲ್ಪನೆಯ ಮನೆಗೆ ಬಂದ ಮೂರು ಕೊಟೇಷನ್‌ಗಳನ್ನು ತೆರೆಯೋಣ. ಮೂರರ ತಲೆಬರಹವೂ ‘3 ಕಿಲೋವ್ಯಾಟ್ ಸೋಲಾರ್’ ಎಂದೇ ಇದೆ. ಮೊದಲನೆಯದು 1,68,000 ರೂಪಾಯಿ, ಎರಡನೆಯದು 1,95,000, ಮೂರನೆಯದು 2,35,000. ಬೆಲೆ ಮಾತ್ರ ನೋಡಿದರೆ ಮೊದಲನೆಯದೇ ಅಗ್ಗ.

ಆದರೆ ಒಳಗಿನ ಸಾಲುಗಳು ಬೇರೆ ಹೇಳುತ್ತವೆ. ಮೊದಲನೆಯದರಲ್ಲಿ 550 ವ್ಯಾಟ್‌ನ 5 ಫಲಕಗಳು, ಅಂದರೆ 2,750 ವ್ಯಾಟ್. ಎರಡನೆಯದರಲ್ಲಿ 540ರ 6 ಫಲಕಗಳು, 3,240 ವ್ಯಾಟ್. ಮೂರನೆಯದರಲ್ಲಿ 575ರ 6 ಫಲಕಗಳು, 3,450 ವ್ಯಾಟ್. ಬೆಲೆಯನ್ನು ವ್ಯಾಟ್‌ನಿಂದ ಭಾಗಿಸಿದರೆ ಕ್ರಮವಾಗಿ 61 ರೂಪಾಯಿ, 60 ರೂಪಾಯಿ, 68 ರೂಪಾಯಿ. ಅಗ್ಗವೆನಿಸಿದ್ದು ಆಗಲೇ ಎರಡನೆಯ ಸ್ಥಾನಕ್ಕಿಳಿಯಿತು. ಕಾಗದದ ಕೆಳತುದಿಯಲ್ಲಿ ಸಣ್ಣಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿದೆ. 2025ರ ಸೆಪ್ಟೆಂಬರ್ 22ರಿಂದ ಸೌರ ಉಪಕರಣದ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಇಂತಹ ಗುತ್ತಿಗೆಯಲ್ಲಿ ಬೆಲೆಯ ಶೇ 70 ಭಾಗವನ್ನು ಸಾಮಗ್ರಿಯೆಂದೂ ಉಳಿದ ಶೇ 30 ಭಾಗವನ್ನು ಶೇ 18 ತೆರಿಗೆಯ ಸೇವೆಯೆಂದೂ ಲೆಕ್ಕ ಹಿಡಿಯುತ್ತಾರೆ. ಒಟ್ಟು ಶೇ 8.9 ಆಗುತ್ತದೆ. ಹಿಂದೆ ಇದೇ ಲೆಕ್ಕ ಶೇ 13.8 ಬರುತ್ತಿತ್ತು. ಇಂದಿಗೂ ಯಾರಾದರೂ ಹಳೆಯ ಅಂಕಿಯನ್ನೇ ಹಾಕಿ ಕೊಟ್ಟರೆ ತಿದ್ದಿಸಬೇಕು. 1,68,000ಕ್ಕೆ ಶೇ 8.9 ಸೇರಿಸಿದರೆ 1,82,952 ರೂಪಾಯಿ. ವ್ಯಾಟ್‌ಗೆ 66 ರೂಪಾಯಿ 50 ಪೈಸೆ! ಇದಕ್ಕೆ ಅರ್ಥಿಂಗ್, ಸಿಡಿಲು ನಿರೋಧಕ, ನೆಟ್ ಮೀಟರ್ ವೆಚ್ಚ ಸೇರಿಲ್ಲವೆಂಬುದೂ ಅದೇ ಸಣ್ಣಕ್ಷರದಲ್ಲಿದ್ದರೆ, ಮೂರರಲ್ಲಿ ಅತ್ಯಂತ ದುಬಾರಿ ಯಾವುದೆಂದು ಮಗನೇ ಹೇಳಬಲ್ಲ.

ಸಹಾಯಧನದಲ್ಲೂ ಒಂದು ಮರ್ಮವಿದೆ. ಫಲಕಗಳ ಒಟ್ಟು ಸಾಮರ್ಥ್ಯ ಮತ್ತು ಇನ್ವರ್ಟರ್ ಸಾಮರ್ಥ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. 2.75 ಕಿಲೋವ್ಯಾಟ್‌ಗೆ 60,000ದ ಮೇಲೆ ಮುಕ್ಕಾಲು ಕಿಲೋವ್ಯಾಟ್‌ನ 13,500 ಸೇರಿ 73,500 ರೂಪಾಯಿ, 78,000 ಅಲ್ಲ.

ಹಾಗೆಂದು 2.75 ಕಿಲೋವ್ಯಾಟ್ ಕೆಟ್ಟದ್ದೆಂದು ತೀರ್ಮಾನಿಸಬೇಕಿಲ್ಲ. ದಿನಕ್ಕೆ 11 ಯೂನಿಟ್, ತಿಂಗಳಿಗೆ 330. ತಿಂಗಳಿಗೆ 320 ಬಳಸುವ ಮನೆಗೆ ಅಳೆದು ಹೊಲಿದಂತೆ ಅದು ಹೊಂದುತ್ತದೆ. ಎರಡನೆಯದು ಕೊಡುವ 390 ಯೂನಿಟ್ಟಿನಲ್ಲಿ 70 ಮಿಗುತ್ತದೆ. ತಕರಾರು ಇರುವುದು 2.75ನ್ನು 3 ಎಂದು ಕರೆದದ್ದಕ್ಕೆ, ತೆರಿಗೆಯನ್ನು ಮೂಲೆಗೆ ತಳ್ಳಿದ್ದಕ್ಕೆ. ಅದೇ ಏಜೆಂಟರನ್ನು ಕೂರಿಸಿ ಎಲ್ಲ ಸೇರಿಸಿ 2.75ಕ್ಕೆ ನಿಜವಾದ ಬೆಲೆ ಹೇಳಿ ಎಂದರೆ ವ್ಯಾಪಾರ ಬೇರೆ ದಾರಿ ಹಿಡಿಯಬಹುದು.

ನೀಲಿ ಫಲಕ, ಕಪ್ಪು ಫಲಕ

ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಬೆಕ್ವೆರೆಲ್ ಗಮನಿಸಿದ್ದು 1839ರಲ್ಲಿ. ಬಳಸಲು ಯೋಗ್ಯವಾದ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ ಮಾಡಿ ತೋರಿಸಿದ್ದು 1954ರಲ್ಲಿ. ಅದರ ದಕ್ಷತೆ ಶೇ 6ರಷ್ಟಿತ್ತು. ಇಂದಿನ 550 ವ್ಯಾಟ್ ಫಲಕದ ದಕ್ಷತೆಯನ್ನು ವಿದ್ಯಾರ್ಥಿಗಳು ತಾವೇ ಕಂಡುಹಿಡಿಯಬಹುದು. ಅದರ ಅಳತೆ ಸುಮಾರು 2.28 ಮೀಟರ್ ಉದ್ದ, 1.13 ಮೀಟರ್ ಅಗಲ. ವಿಸ್ತೀರ್ಣ 2.58 ಚದರ ಮೀಟರ್. ಅದರ ಮೇಲೆ ಬೀಳುವ ಬೆಳಕು 2,580 ವ್ಯಾಟ್. ಹೊರಬರುವುದು 550. ಅಂದರೆ ಶೇ 21ರ ಸುಮಾರು.

ನೀಲಿ ಬಣ್ಣದ ಬಹುಸ್ಫಟಿಕ ಫಲಕಗಳ, ಅಂದರೆ ‘ಪಾಲಿ’ಗಳ, ಕಾಲ ಹೆಚ್ಚುಕಡಿಮೆ ಮುಗಿದಿದೆ. ಅವುಗಳ ದಕ್ಷತೆ ಶೇ 16-17. ತುಂಬ ಅಗ್ಗಕ್ಕೆ ಸಿಗುತ್ತವೆಯೆಂದರೆ ಗೋದಾಮಿನಲ್ಲಿ ಉಳಿದ ಸರಕಿರಬಹುದು. ಕಪ್ಪಗಿರುವವು ಏಕಸ್ಫಟಿಕ, ‘ಮೋನೊ’. ಇವುಗಳಲ್ಲಿ ಪರ್ಕ್ ಮತ್ತು ಟಾಪ್‌ಕಾನ್ ಎಂಬ ಎರಡು ಬಗೆಗಳು ಈಗ ಹೆಚ್ಚು ಮಾರಾಟದಲ್ಲಿವೆ. ಹೊಸದು ಟಾಪ್‌ಕಾನ್.

ಎರಡರ ವ್ಯತ್ಯಾಸ ಶಾಖದಲ್ಲಿ ಗೋಚರಿಸುತ್ತದೆ. ಕೋಶದ ಉಷ್ಣತೆ 25 ಡಿಗ್ರಿಗಿಂತ ಒಂದೊಂದು ಡಿಗ್ರಿ ಏರಿದಂತೆ ಪರ್ಕ್ ಫಲಕ ಸುಮಾರು ಶೇ 0.35ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಟಾಪ್‌ಕಾನ್ ಸುಮಾರು ಶೇ 0.30. ಕೋಶ 60 ಡಿಗ್ರಿಗೆ ಕಾದಾಗ ಪರ್ಕ್‌ಗೆ ಶೇ 12ರಷ್ಟು, ಟಾಪ್‌ಕಾನ್‌ಗೆ ಶೇ 10.5ರಷ್ಟು ನಷ್ಟ. ಕಡುಬೇಸಿಗೆಯ ಮಧ್ಯಾಹ್ನದಲ್ಲೂ ವ್ಯತ್ಯಾಸ ಇಷ್ಟೇ. ಬೆಂಗಳೂರು ಗ್ರಾಮಾಂತರ ಜಿಲ್ಲೆ ಕಲಬುರಗಿಯಲ್ಲ, ಇಲ್ಲಿನ ಹವೆ ತಂಪು. ವರ್ಷದ ಸರಾಸರಿಯಲ್ಲಿ ಶೇ 1ರಷ್ಟು ಲಾಭ ಸಿಕ್ಕರೆ ಹೆಚ್ಚು.

ಮೂರನೆಯ ಕೊಟೇಷನ್ನಿನವರು 40,000 ರೂಪಾಯಿ ಹೆಚ್ಚು ಕೇಳುವುದು ಟಾಪ್‌ಕಾನ್ ಹೆಸರಿನಲ್ಲೇ ಆಗಿದ್ದರೆ ಲೆಕ್ಕ ಹೀಗಾಗುತ್ತದೆ. 210 ವ್ಯಾಟ್ ಹೆಚ್ಚಿರುವುದರಿಂದ ವರ್ಷಕ್ಕೆ ಸುಮಾರು 300 ಯೂನಿಟ್, ಶಾಖ ತಾಳುವ ಗುಣದಿಂದ ಇನ್ನೊಂದು 50. ಒಟ್ಟು 350 ಯೂನಿಟ್ಟಿಗೆ ಆರೂವರೆಯಂತೆ 2,275 ರೂಪಾಯಿ. 40,000 ಮರಳಲು 17 ವರ್ಷಕ್ಕಿಂತ ಹೆಚ್ಚು ಬೇಕು. ಅದೂ ಆ ಯೂನಿಟ್ಟುಗಳಿಗೆ ಪೂರ್ತಿ ದರ ಸಿಕ್ಕರೆ. ಈ ಮನೆಯಲ್ಲಿ ಅವು ಮಿಗುವ ಯೂನಿಟ್ಟುಗಳು, ಸಿಗುವುದು ಕಡಿಮೆ ದರ. ಆದರೆ ಆ ಹಣದಲ್ಲಿ ಎಂಟಡಿ ಎತ್ತರದ ಚೌಕಟ್ಟೂ ಸೇರಿದ್ದರೆ ಮಾತು ಬೇರೆ. ಕೆಳಗೆ ಬಟ್ಟೆ ಒಣಗಿಸಬಹುದು, ರಾಗಿ ಚೀಲ ಇಡಬಹುದು, ಮಗಳು ಕುಳಿತು ಓದಬಹುದು. ತಾರಸಿ ಉಳಿಯುತ್ತದೆ. ಹಿಂಬದಿಯಿಂದಲೂ ಬೆಳಕು ಹೀರುವ ‘ಬೈಫೇಷಿಯಲ್’ ಫಲಕಗಳೂ ಇಂತಹ ಎತ್ತರದಲ್ಲಿ, ಸುಣ್ಣ ಬಳಿದ ಬಿಳಿಯ ತಾರಸಿಯ ಮೇಲೆ ಮಾತ್ರ ತಮ್ಮ ಗುಣ ತೋರುತ್ತವೆ. ನೆಲಕ್ಕಂಟಿಸಿ ಕೂರಿಸಿದರೆ ಹಿಂಬದಿಗೆ ಕೊಟ್ಟ ಹಣ ದಂಡ.

ಫಲಕ ಬಂದು ಇಳಿದ ದಿನ ಹಿಂಬದಿಯ ಚೀಟಿಯನ್ನು ಓದಬೇಕು. ಗರಿಷ್ಠ ಶಕ್ತಿಯ ವೋಲ್ಟೇಜ್ 41.6, ಕರೆಂಟ್ 13 ಆಂಪಿಯರ್ ಎಂದಿದ್ದರೆ ಗುಣಲಬ್ಧ 541. ಅದು 540 ವ್ಯಾಟ್‌ನ ಫಲಕವೇ ಸರಿ. ಇನ್ನೊಂದು ಪದ ಡಿಸಿಆರ್. ಕೋಶವೂ ಫಲಕವೂ ಭಾರತದಲ್ಲೇ ತಯಾರಾದವು ಎಂಬುದಕ್ಕೆ ಇದು ಗುರುತು. ಇದಿಲ್ಲದ ಫಲಕ ಅಗ್ಗ, ಆದರೆ ಅದಕ್ಕೆ ಸಹಾಯಧನವಿಲ್ಲ. ಕೊಟೇಷನ್ನಿನಲ್ಲಿ ಈ ಮೂರಕ್ಷರ ಇರಲೇಬೇಕು.

ತೆಂಗಿನ ಮರದ ನೆರಳು

ದೊಡ್ಡಬಳ್ಳಾಪುರ 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮೂರನೆಯ ವಾರ ಇಲ್ಲಿ ಸೂರ್ಯ ನಡುನೆತ್ತಿಯ ಮೇಲೆ ಬಂದು ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಡಿಸೆಂಬರ್ 21ರ ಸುಮಾರಿಗೆ ಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿ 53 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಹಾಗಾಗಿ ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 13 ಡಿಗ್ರಿ ಓರೆಯಾಗಿರಬೇಕು. ಮನೆಯ ದಕ್ಷಿಣಕ್ಕೆ 15 ಮೀಟರಿನ ತೆಂಗಿನ ಮರವಿದ್ದರೆ ಡಿಸೆಂಬರ್ ಮಧ್ಯಾಹ್ನ ಅದರ ನೆರಳು 11 ಮೀಟರ್ ಉತ್ತರಕ್ಕೆ ಚಾಚುತ್ತದೆ. ಮೇ ತಿಂಗಳಲ್ಲಿ ಬಂದು ತಾರಸಿ ನೋಡಿದವರ ಕಣ್ಣಿಗೆ ಈ ನೆರಳು ಬೀಳುವುದೇ ಇಲ್ಲ.

ಒಂದು ಗರಿಯ ನೆರಳಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೆ? ಬೇಕು. ಫಲಕದ ಕೋಶಗಳು ಸರಣಿಯಲ್ಲಿ ಜೋಡಣೆಗೊಂಡಿವೆ. ದ್ರಾಕ್ಷಿ ತೋಟದ ಹನಿ ನೀರಾವರಿ ಪೈಪು ಒಂದು ಕಡೆ ಮಡಿಚಿದರೆ ಮುಂದಿನ ಗಿಡಗಳೆಲ್ಲ ಒಣಗುವಂತೆ, ನೆರಳು ಬಿದ್ದ ಒಂದು ಕೋಶ ಉಳಿದವುಗಳ ಪ್ರವಾಹವನ್ನೂ ತಡೆಯುತ್ತದೆ. ಬೈಪಾಸ್ ಡಯೋಡುಗಳೂ ಅರ್ಧ ಕತ್ತರಿಸಿದ ಕೋಶಗಳೂ ನಷ್ಟವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ. ನೀರಿನ ಟ್ಯಾಂಕು, ಪಕ್ಕದ ಮನೆಯ ಮೆಟ್ಟಿಲುಗೂಡು ಎಲ್ಲವನ್ನೂ ಬೆಳಿಗ್ಗೆ 9ಕ್ಕೆ, ಮಧ್ಯಾಹ್ನ, ಸಂಜೆ 4ಕ್ಕೆ ಮಕ್ಕಳಿಂದಲೇ ಗುರುತು ಮಾಡಿಸಬಹುದು. ಯಾವ ಕೊಟೇಷನ್ನಿನವರು ತಾರಸಿ ಹತ್ತದೆ, ಅಳತೆಪಟ್ಟಿ ಬಿಚ್ಚದೆ ಬೆಲೆ ಹೇಳಿದರೋ ಅವರದನ್ನು ಪಕ್ಕಕ್ಕಿಡಬಹುದು.

ಗಾಳಿಯ ಲೆಕ್ಕ ಇನ್ನೂ ಗಂಭೀರ. ಬೆಂಗಳೂರು ಭಾಗದ ಕಟ್ಟಡಗಳಿಗೆ ಭಾರತೀಯ ಮಾನಕ ಗೊತ್ತುಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಅಷ್ಟು ವೇಗದ ಗಾಳಿ ಚದರ ಮೀಟರಿಗೆ ಸುಮಾರು 650 ನ್ಯೂಟನ್ ಒತ್ತಡ ಹಾಕುತ್ತದೆ. ಆರು ಫಲಕಗಳ 15.5 ಚದರ ಮೀಟರಿನ ಮೇಲೆ 10,000 ನ್ಯೂಟನ್, ಅಂದರೆ ಒಂದು ಟನ್ ತೂಕದಷ್ಟು. ಮುಂಗಾರಿಗೆ ಮುನ್ನ ಬರುವ ಬಿರುಗಾಳಿಗೆ ತೆಳು ಕಬ್ಬಿಣದ ಚೌಕಟ್ಟು ಕಿತ್ತು ಪಕ್ಕದ ಮನೆಯ ಮೇಲೆ ಬಿದ್ದರೆ ಯಾರು ಹೊಣೆ? ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಉಕ್ಕು, ಅದರ ದಪ್ಪ, ಕಾಲು ಹೂಳುವ ಕಾಂಕ್ರೀಟ್ ಬುಡ ಇವು ಕೊಟೇಷನ್ನಿನಲ್ಲಿ ಬರಹದಲ್ಲಿರಬೇಕು. ನಮ್ಮ ಹಳ್ಳಿಗಳ ಕಲ್ಲು ಚಪ್ಪಡಿಯ ಮಾಳಿಗೆಗೂ ಹೆಂಚಿನ ಮನೆಗೂ ಆರ್‌ಸಿಸಿ ತಾರಸಿಯ ಚೌಕಟ್ಟು ಹೊಂದದು.

ತಂತಿಯಲ್ಲೂ ಉಳಿತಾಯ ಬೇಡ. ಮನೆಯ ಎಸಿ ಪ್ರವಾಹ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ಹೊತ್ತಿದರೂ ಆರುವ ಅವಕಾಶವಿದೆ. ಫಲಕದಿಂದ ಇಳಿಯುವ ಡಿಸಿ ಪ್ರವಾಹಕ್ಕೆ ಸೊನ್ನೆಯೇ ಇಲ್ಲ. ಸಡಿಲ ಜೋಡಣೆಯಲ್ಲಿ ಹೊತ್ತಿದ ಕಿಡಿ ಉರಿಯುತ್ತಲೇ ಇರುತ್ತದೆ. ಸೌರ ಬಳಕೆಗೆಂದೇ ತಯಾರಾದ ತಾಮ್ರದ ಡಿಸಿ ಕೇಬಲ್, ಡಿಸಿ ಬ್ರೇಕರ್, ಸರ್ಜ್ ರಕ್ಷಕ, ಡಿಸಿ, ಎಸಿ ಮತ್ತು ಸಿಡಿಲು ನಿರೋಧಕಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿಗಳು ಇಲ್ಲದ ಕೊಟೇಷನ್ ಎಷ್ಟು ಅಗ್ಗವಾದರೂ ಬೇಡ.

ಕರೆಂಟ್ ಹೋದಾಗ

ಫಲಕ ಹಾಕಿಸಿದ ಮನೆಯಲ್ಲಿ ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆಂದು ಬಹಳ ಜನ ನಂಬಿದ್ದಾರೆ. ಬೆಸ್ಕಾಂ ಜಾಲಕ್ಕೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯಲ್ಲಿ ಹಾಗಾಗುವುದಿಲ್ಲ. ಜಾಲದಲ್ಲಿ ವಿದ್ಯುತ್ ನಿಂತ ಕೂಡಲೇ, ನಡುಮಧ್ಯಾಹ್ನದ ಬಿಸಿಲಿದ್ದರೂ, ಇನ್ವರ್ಟರ್ ತಾನೂ ನಿಲ್ಲುತ್ತದೆ. ಕಂಬ ಹತ್ತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಶಾಕ್ ಹೊಡೆಯಬಾರದಲ್ಲವೆ? ಅದಕ್ಕಾಗಿ ಈ ಏರ್ಪಾಟು. ಪರೀಕ್ಷೆಯ ಕಾಲದಲ್ಲಿ ಓದಲು ದೀಪ ಬೇಕೆಂದರೆ ಬ್ಯಾಟರಿ ಬೇಕು. ಬ್ಯಾಟರಿ ಸಹಿತ ಹೈಬ್ರಿಡ್ ವ್ಯವಸ್ಥೆಗೆ ಬೆಲೆ ಬಹಳ ಏರುತ್ತದೆ. ಮನೆಯಲ್ಲಿ ಈಗಾಗಲೇ ಹಳೆಯ ಯುಪಿಎಸ್ ಇದ್ದರೆ ಅದನ್ನೇ ಉಳಿಸಿಕೊಂಡು ನಾಲ್ಕು ದೀಪ, ಎರಡು ಫ್ಯಾನಿಗೆ ಬಳಸುವುದು ಜಾಣತನ.

ಖಾತರಿಯ ಮಾತಿನಲ್ಲಿ ‘25 ವರ್ಷ’ ಎಂಬುದು ದೊಡ್ಡಕ್ಷರದಲ್ಲಿರುತ್ತದೆ. ಅದು ಫಲಕದ ಉತ್ಪಾದನೆ ನಿಧಾನವಾಗಿ ಕುಗ್ಗಿದರೂ ಇಂತಿಷ್ಟಕ್ಕಿಂತ ಇಳಿಯದು ಎಂಬ ಭರವಸೆ. ಫಲಕ ಸೀಳಿದರೆ, ನೀರು ಹೊಕ್ಕರೆ ಬದಲಿಸಿಕೊಡುವ ಖಾತರಿ ಸಾಮಾನ್ಯವಾಗಿ 10-12 ವರ್ಷ. ಇನ್ವರ್ಟರಿಗೆ ಇನ್ನೂ ಕಡಿಮೆ, 5ರಿಂದ 10 ವರ್ಷ. ಮೊದಲು ಕೈಕೊಡುವುದೂ ಸಾಮಾನ್ಯವಾಗಿ ಅದೇ. ಇನ್ವರ್ಟರ್ ಕೆಟ್ಟರೆ ಎಷ್ಟು ದಿನದಲ್ಲಿ, ಯಾವ ಊರಿನಿಂದ ಬರುತ್ತೀರಿ ಎಂದು ಕೇಳಿ ಬರೆಸಿಕೊಳ್ಳಬೇಕು. ತೊಳೆಯುವ ಕೆಲಸ ಮನೆಯವರದೇ. ಕಲ್ಲು ಕ್ರಷರ್‌ಗಳ ಹತ್ತಿರದ ಊರುಗಳಲ್ಲಿ ವಾರಕ್ಕೊಮ್ಮೆ ಬೇಕಾದೀತು. ಆಳದ ಕೊಳವೆಬಾವಿಯ ಗಡಸು ನೀರು ಒಣಗಿ ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ, ಮಳೆನೀರು ಉತ್ತಮ. ಕಾದ ಗಾಜಿಗೆ ತಣ್ಣೀರು ಎರಚದೆ ಬೆಳಗಿನ ಹೊತ್ತು ತೊಳೆಯಬೇಕು.

ಹಣದ ವಿಚಾರದಲ್ಲಿ ಎರಡು ಎಚ್ಚರಿಕೆ. ಸಹಾಯಧನವು ಕೆಲಸ ಮುಗಿದು ತಪಾಸಣೆಯಾದ ಮೇಲೆ ಗ್ರಾಹಕರ ಬ್ಯಾಂಕ್ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಪೂರ್ತಿ ಹಣವನ್ನು ಮನೆಯವರೇ ಹೊಂದಿಸಬೇಕು, ಇಲ್ಲವೆ ರಾಷ್ಟ್ರೀಕೃತ ಬ್ಯಾಂಕಿನಿಂದ ಇದಕ್ಕೆಂದೇ ಸಿಗುವ ಕಡಿಮೆ ಬಡ್ಡಿಯ ಸಾಲ ಪಡೆಯಬೇಕು. ಎರಡನೆಯ ಕೊಟೇಷನ್ನಿನಲ್ಲಿ 78,000 ಕಳೆದು ಉಳಿಯುವುದು 1,17,000. ವರ್ಷಕ್ಕೆ ಸುಮಾರು 25,000 ಉಳಿತಾಯವಾದರೆ ಐದು ವರ್ಷದೊಳಗೆ ಮರಳುತ್ತದೆ. ಮುಂಗಡವಾಗಿ ಮುಕ್ಕಾಲುಪಾಲು ಕೇಳುವವರಿಂದ ದೂರವಿರುವುದು ಲೇಸು. ಸಾಮಗ್ರಿ ಇಳಿದಾಗ ಇಷ್ಟು, ಮೀಟರ್ ತಿರುಗಿದಾಗ ಇಷ್ಟು ಎಂದು ಕಂತು ಮಾಡಿಕೊಳ್ಳಬೇಕು. ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ನೋಂದಾಯಿತರಾದ ಮಾರಾಟಗಾರರಿಂದ ಮಾಡಿಸಿದ ಕೆಲಸಕ್ಕಷ್ಟೇ ಸಹಾಯಧನವೆಂಬುದೂ ನೆನಪಿರಲಿ.

ಇನ್ನೊಂದು ತೊಡಕು ನಮ್ಮ ಕೂಡು ಕುಟುಂಬಗಳದ್ದು. ಎಷ್ಟೋ ಮನೆಗಳ ಆರ್.ಆರ್. ನಂಬರ್ ಇಂದಿಗೂ ತೀರಿಕೊಂಡ ತಾತನ ಹೆಸರಿನಲ್ಲಿದೆ. ಅರ್ಜಿ, ಬ್ಯಾಂಕ್ ಖಾತೆ, ವಿದ್ಯುತ್ ಸಂಪರ್ಕ ಒಬ್ಬರ ಹೆಸರಿನಲ್ಲೇ ಇರಬೇಕಾದ್ದರಿಂದ ಕೊಟೇಷನ್ ತರಿಸುವ ಮೊದಲೇ ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಹೆಸರು ಬದಲಾವಣೆ ಮಾಡಿಸಿಕೊಳ್ಳಬೇಕು. ಮಂಜೂರಾದ ಲೋಡ್ ಎಷ್ಟಿದೆಯೆಂದು ಅಲ್ಲೇ ಕೇಳಬಹುದು. ಲೋಡ್ ಏರಿಸಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ.

ನೆಟ್ ಮೀಟರ್ ಅಳವಡಿಸಿದ ದಿನ ಅದರ ಎರಡು ರೀಡಿಂಗ್‌ಗಳನ್ನೂ, ಇನ್ವರ್ಟರಿನ ಅಂಕಿಯನ್ನೂ ಮಕ್ಕಳು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ತಿಂಗಳ ಕೊನೆಗೆ ಇನ್ವರ್ಟರ್ 390 ಯೂನಿಟ್ ಉತ್ಪಾದನೆ ತೋರಿಸುತ್ತದೆ, ಮೀಟರ್ ಮಾತ್ರ 250 ಹೊರಹೋಯಿತು, 180 ಒಳಬಂತು ಎನ್ನುತ್ತದೆ ಎಂದಿಟ್ಟುಕೊಳ್ಳಿ. ಮೀಟರ್ ಕೆಟ್ಟಿದೆಯೆಂದು ಗಾಬರಿ ಬೇಡ. ಉಳಿದ 140 ಯೂನಿಟ್ ಹಗಲಿನಲ್ಲೇ ಮನೆಯ ಫ್ರಿಜ್ಜಿಗೂ ಹೊಲಿಗೆ ಯಂತ್ರಕ್ಕೂ ಮೀಟರನ್ನು ಮುಟ್ಟದೆ ಹೋಗಿದೆ. 140ಕ್ಕೆ ರಾತ್ರಿ ಒಳಬಂದ 180 ಕೂಡಿಸಿದರೆ ಮನೆಯ ಬಳಕೆ ಅದೇ 320.